ತಲೆನೋವನ್ನು ಅಳೆಯುವುದೆಂತು?

ರಾಜೀವನಗರದ ನಮ್ಮ ಬೀದಿಯಲ್ಲಿರುವ ನಿವೃತ್ತ ಯೋಧರೊಬ್ಬರು ಒಂದು ಸಂಜೆ ಮನೆಗೆ ಬಂದು, “ಮೇಷ್ಟ್ರೇ, ಜ್ವರಕ್ಕೆ ಥರ್ಮಾಮೀಟರುಂಟು, ತಲೆನೋವಿಗೆ ಯಾವ ಮೀಟರುಂಟು?” ಎಂದು ಕೇಳಿದರು. ಸೈನ್ಯದಲ್ಲಿದ್ದಾಗಲೇ ಅವರಿಗೆ ಅರೆತಲೆನೋವು, ಎಂದರೆ ಮೈಗ್ರೇನ್, ಅಂಟಿಕೊಂಡಿತ್ತು. ಅಂಗವೈಕಲ್ಯದ ಪಿಂಚಣಿ ಕೇಳಬೇಕಾದರೆ ಬೇನೆಯ ತೀವ್ರತೆಯನ್ನು ತೋರಿಸಿಕೊಡಬೇಕಷ್ಟೆ. ಕಾಲು ಮುರಿದವನಿಗೆ ಎಕ್ಸ್-ರೇ ಚಿತ್ರವೇ ಸಾಕ್ಷಿ. ತಲೆನೋವಿನವನಿಗೆ ಸಾಕ್ಷಿ ಯಾವುದು?

ಈ ಬೇನೆ ಬಂದಾಗ ಸಾಮಾನ್ಯವಾಗಿ ತಲೆಯ ಒಂದು ಪಾರ್ಶ್ವ ನಾಡಿಯಂತೆ ಮಿಡಿದು ನೋಯುತ್ತದೆ, ವಾಕರಿಕೆಯುಂಟಾಗುತ್ತದೆ, ಬೆಳಕೂ ಸದ್ದೂ ಅಸಹನೀಯವಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಇದು 4ರಿಂದ 72 ಗಂಟೆಗಳ ಕಾಲ ಇರಬಹುದು. ಆದರೂ ಮೆದುಳಿನ ಸ್ಕ್ಯಾನ್ ತೆಗೆದರೆ ಬಹುಮಟ್ಟಿಗೆ ಯಾವ ದೋಷವೂ ಕಾಣದು. ಇದನ್ನು ಸಾಬೀತುಪಡಿಸುವ ರಕ್ತಪರೀಕ್ಷೆಯೂ ಇಲ್ಲ.

ಹಾಗೆಂದು ಅಳತೆ ಅಸಾಧ್ಯವೆನ್ನಬೇಕಾಗಿಲ್ಲ. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಮಿನುಗು ಹರಡುತ್ತದೆ. ಅಮೆರಿಕದ ವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೆ ಹೀಗಾದಾಗಲೆಲ್ಲ ಆ ಮಿನುಗಿನ ಅಂಚನ್ನು ಕಾಗದದ ಮೇಲೆ ಗುರುತಿಸಿ, ಅದು ಸರಿಯಲು ಹಿಡಿದ ಕಾಲವನ್ನು ಬರೆದಿಟ್ಟರು. ಮೆದುಳಿನ ಹೊರಪದರದಲ್ಲಿ ಯಾವುದೋ ಕ್ಷೋಭೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಿಂದ ಚಲಿಸುತ್ತಿರಬೇಕೆಂದು 1941ರಲ್ಲಿ ಪ್ರಕಟಿಸಿದರು. 1944ರಲ್ಲಿ ಬ್ರೆಜಿಲಿನ ಲೆಯಾವ್, ಮೊಲದ ಮೆದುಳಿನಲ್ಲಿ ಹೆಚ್ಚುಕಡಮೆ ಅದೇ ವೇಗದ ಅಲೆಯೊಂದನ್ನು ಕಂಡರು. ರೋಗಿಯೇ ಇಟ್ಟ ದಾಖಲೆ ಹೀಗೆ ವಿಜ್ಞಾನಕ್ಕೆ ಆಧಾರವಾಯಿತು. ನೋವನ್ನು ಅಳೆಯಲಾಗದಿದ್ದರೂ ಅದರ ಹೆಜ್ಜೆಗುರುತನ್ನು ಅಳೆಯಬಹುದು.

ಕಾನೂನು ಹಿಡಿದಿರುವುದೂ ಇದೇ ದಾರಿಯನ್ನು. ಅಮೆರಿಕದಲ್ಲಿ ಮಾಜಿ ಯೋಧನನ್ನು ಹಾಸಿಗೆಗೆ ಕೆಡಹುವಂಥ ನೋವು ಸರಾಸರಿ ಎರಡು ತಿಂಗಳಿಗೊಮ್ಮೆ ಬಂದರೆ ನೂರಕ್ಕೆ 10, ತಿಂಗಳಿಗೊಮ್ಮೆ ಬಂದರೆ 30, ಪದೇ ಪದೇ ಬಂದು ದುಡಿಮೆಯನ್ನೇ ಕೆಡಿಸಿದರೆ 50 ಎಂದು ವೈಕಲ್ಯವನ್ನು ನಿಗದಿಮಾಡುತ್ತಾರೆ. ನಮ್ಮಲ್ಲಿ 1961ರ ಸೈನ್ಯದ ಪಿಂಚಣಿ ನಿಯಮಾವಳಿಯು, ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ವೈಕಲ್ಯ ನೂರಕ್ಕೆ 20ಕ್ಕೆ ಕಡಮೆಯಿರಬಾರದೆಂದು ವಿಧಿಸಿತು. ಆದುದರಿಂದ ಪ್ರಶ್ನೆಗಳು ಎರಡು: ಬೇನೆ ಸೇವೆಯಿಂದ ಬಂದುದೆ? ಅದರ ಪ್ರಮಾಣವೆಷ್ಟು?

ಮೊದಲನೆಯದಕ್ಕೆ, ಅಪಸ್ಮಾರದಿಂದ ಸೇವೆ ಕಳೆದುಕೊಂಡ ಧರ್ಮವೀರ್ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಉತ್ತರವಿತ್ತಿತು. ಸೈನ್ಯಕ್ಕೆ ಸೇರುವಾಗ ರೋಗವನ್ನು ನಮೂದಿಸಿರದಿದ್ದರೆ, ಅದು ಸೇವೆಯಿಂದ ಬಂದುದಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದೆಂಬುದು ಆ ತೀರ್ಪು. ಅದು 1982ರ ನಿಯಮಗಳ ಮೇಲೆ ನಿಂತದ್ದು. 2023ರಲ್ಲಿ ಹೊಸ ನಿಯಮಗಳು ಬಂದಿರುವುದರಿಂದ ನಿವೃತ್ತಿಯ ದಿನಾಂಕವನ್ನೂ ಗಮನಿಸಬೇಕು.

ಎರಡನೆಯದನ್ನು ವೈದ್ಯಮಂಡಳಿ ನಿರ್ಣಯಿಸುತ್ತದೆ. ಅಲ್ಲಿ “ಬಹಳ ನೋಯುತ್ತದೆ” ಎಂದರೆ ಸಾಲದು. ನೋವು ಹಿಡಿದ ದಿನ, ಗಂಟೆ, ಬಿಟ್ಟ ಹೊತ್ತು, ನುಂಗಿದ ಮಾತ್ರೆ, ತಪ್ಪಿದ ಕೆಲಸ ಎಲ್ಲವನ್ನೂ ಅಂದಂದೇ ಬರೆದಿಡಬೇಕು; ನೋವಿಲ್ಲದ ದಿನಗಳನ್ನೂ ಬಿಡಬಾರದು. ಪ್ರಯೋಗಶಾಲೆಯಲ್ಲಿ ವಾರದ ಬಳಿಕ ನೆನಪಿನಿಂದ ಬರೆದ ಅಂಕಿಗಳನ್ನು ನಾವು ಒಪ್ಪುತ್ತೇವೆಯೆ? ಒಂದೇ ಮಾಪನವನ್ನೂ ನಂಬುವುದಿಲ್ಲ; ಆದುದರಿಂದ ವೈದ್ಯರ ಚೀಟಿಗಳೂ ರಜೆಯ ದಾಖಲೆಗಳೂ ಆ ಪುಸ್ತಕಕ್ಕೆ ತಾಳೆಯಾಗಬೇಕು.

ನಮ್ಮ ಯೋಧರು ಮರುದಿನವೇ ಗೀಟೆಳೆದ ನೋಟ್‌ಬುಕ್ಕೊಂದನ್ನು ಕೊಂಡು ತಂದರು. ಅವರು ಕೇಳಿದ ಮೀಟರು ಸದ್ಯಕ್ಕೆ ಅದೇ.