ಬೀದರ್ ಜಿಲ್ಲೆಯ ಕ್ರೈಸ್ತರು ಮತ್ತು ಸಾಂಪ್ರದಾಯಿಕ ನಂಬಿಕೆಗಳು

ಬೀದರ್ ಜಿಲ್ಲೆಯ ಕ್ರೈಸ್ತರು ಕರ್ನಾಟಕದ ಉತ್ತರ ತುದಿಯ ಬೀದರ್, ಹುಮನಾಬಾದ್, ಬಸವಕಲ್ಯಾಣ, ಭಾಲ್ಕಿ ಮತ್ತು ಔರಾದ್ ಪ್ರದೇಶಗಳಲ್ಲಿ ನೆಲೆಸಿರುವ ಧಾರ್ಮಿಕ ಸಮುದಾಯ. ಇವರಲ್ಲಿ ಹೆಚ್ಚಿನವರು ಮೆಥೋಡಿಸ್ಟ್ ಪಂಥಕ್ಕೆ ಸೇರಿದವರು. ಬಹುಪಾಲು ಕುಟುಂಬಗಳ ಮೂಲ ಮಾದಿಗ ಮತ್ತು ಹೊಲೆಯ ಸಮುದಾಯಗಳಲ್ಲಿದೆ. ಕರಾವಳಿಯ ಕ್ರೈಸ್ತರಿಗೆ ಹೋಲಿಸಿದರೆ ಇವರ ಇತಿಹಾಸ ಇತ್ತೀಚಿನದು. ಮತಾಂತರವು ಒಬ್ಬೊಬ್ಬರ ನಿರ್ಧಾರಕ್ಕಿಂತ ಹೆಚ್ಚಾಗಿ ಕೇರಿಯ ಅಥವಾ ಬಂಧುಬಳಗದ ಸಾಮೂಹಿಕ ನಿರ್ಧಾರವಾಗಿ ನಡೆದುದರಿಂದ ಗ್ರಾಮದೇವತೆಯ ಸೇವೆ, ಜಾತಿ ಮತ್ತು ಹಬ್ಬಗಳೊಂದಿಗಿನ ಸಂಬಂಧವು ಇಲ್ಲಿನ ಕ್ರೈಸ್ತ ಜೀವನದ ಮುಖ್ಯ ಪ್ರಶ್ನೆಯಾಗಿ ಉಳಿದಿದೆ.

ಧಾರ್ಮಿಕ ಹಿನ್ನೆಲೆ

ಈ ಪ್ರದೇಶದಲ್ಲಿ ಹಲವು ಧಾರ್ಮಿಕ ಪರಂಪರೆಗಳು ಬೆರೆತಿವೆ. 12ನೆಯ ಶತಮಾನದಲ್ಲಿ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಬಸವಣ್ಣನವರ ನೇತೃತ್ವದ ಶರಣ ಚಳವಳಿಯ ಕೇಂದ್ರವಾಗಿತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹದ ಕಥನ ಈ ಊರಿನ ಸ್ಮೃತಿಯಲ್ಲಿ ಇಂದಿಗೂ ಜೀವಂತವಾಗಿದೆ. ಹುಮನಾಬಾದ್‌ನಲ್ಲಿ ವೀರಭದ್ರೇಶ್ವರ ದೇವಾಲಯವೂ ಸಮೀಪದ ಮಾಣಿಕನಗರದಲ್ಲಿ 19ನೆಯ ಶತಮಾನದ ಸಂತ ಮಾಣಿಕಪ್ರಭುಗಳ ಸಂಸ್ಥಾನವೂ ಇವೆ. ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಸಮಾಧಿಯ ಉರುಸಿನಲ್ಲಿ ಹಿಂದೂ ಮತ್ತು ಮುಸ್ಲಿಂ ಭಕ್ತರು ಜೊತೆಯಾಗಿ ಪಾಲ್ಗೊಳ್ಳುತ್ತಾರೆ.

ಈ ದೊಡ್ಡ ಕ್ಷೇತ್ರಗಳ ಜೊತೆಗೆ ಪ್ರತಿ ಹಳ್ಳಿಗೂ ತನ್ನದೇ ಆದ ಗ್ರಾಮದೇವತೆ ಇದ್ದಾಳೆ. ಮರಗಮ್ಮ, ಲಕ್ಷ್ಮಿ, ಎಲ್ಲಮ್ಮ, ಪೋಚಮ್ಮ ಮುಂತಾದ ಹೆಸರುಗಳಿಂದ ಕರೆಯಲ್ಪಡುವ ಈ ದೇವತೆಯರು ಸಿಡುಬು, ಕಾಲರಾ, ದನಗಳ ರೋಗ ಮತ್ತು ಮಳೆಯೊಂದಿಗೆ ಸಂಬಂಧ ಹೊಂದಿದವರೆಂದು ನಂಬಲಾಗಿತ್ತು.

ಮಿಷನ್ ಕಾರ್ಯದ ಆರಂಭ

ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚ್ 1856ರಲ್ಲಿ ಭಾರತದಲ್ಲಿ ತನ್ನ ಕಾರ್ಯವನ್ನು ಆರಂಭಿಸಿತು. 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರ್ ಅವರ ಪ್ರಚಾರದ ನಂತರ ಅದು ದಕ್ಷಿಣಕ್ಕೆ ವಿಸ್ತರಿಸಿ, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್ ಸೀಮೆಯನ್ನು ತಲುಪಿತು. ನೆರೆಯ ಮೆದಕ್‌ನಲ್ಲಿ ಬ್ರಿಟನ್ನಿನ ವೆಸ್ಲಿಯನ್ ಮೆಥೋಡಿಸ್ಟ್ ಮಿಷನ್ ಕೆಲಸ ಮಾಡುತ್ತಿತ್ತು. ಮೆದಕ್‌ನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದವು. ಆ ಐಕ್ಯದಿಂದ ಹೊರಗುಳಿದ ಅಮೆರಿಕನ್ ಮೂಲದ ಸಭೆಗಳು 1981ರಲ್ಲಿ ಸ್ವಾಯತ್ತ ‘ಭಾರತದ ಮೆಥೋಡಿಸ್ಟ್ ಚರ್ಚ್’ ಆದವು. ಬೀದರ್ ನಗರದ ಮಂಗಲಪೇಟೆಯು ಈ ಸಭೆಯ ಮುಖ್ಯ ನೆಲೆಗಳಲ್ಲೊಂದು. ಕ್ಯಾಥೊಲಿಕರಿಗಾಗಿ 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಬೀದರ್ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ.

ಗ್ರಾಮದೇವತೆಯ ಸೇವೆ ಮತ್ತು ಮತಾಂತರ

ಗ್ರಾಮದೇವತೆಯ ಆರಾಧನೆ ಇಡೀ ಊರಿನದಾದರೂ ಅದರ ಕಠಿಣ ಕೆಲಸಗಳು ಅಸ್ಪೃಶ್ಯರೆನಿಸಿಕೊಂಡವರ ಪಾಲಿಗೆ ಬರುತ್ತಿದ್ದವು. ಹಲಗೆ ಬಾರಿಸುವುದು, ಬಲಿಯ ಪ್ರಾಣಿಗೆ ಸಂಬಂಧಿಸಿದ ಕೆಲಸ ಮತ್ತು ಪೋತರಾಜನ ಪಾತ್ರ ನಿರ್ದಿಷ್ಟ ಕುಟುಂಬಗಳ ಕರ್ತವ್ಯವಾಗಿದ್ದವು. ಕೆಲವು ಕುಟುಂಬಗಳ ಹೆಣ್ಣುಮಕ್ಕಳನ್ನು ದೇವತೆಗೆ ಮೀಸಲಿಡಲಾಗುತ್ತಿತ್ತು. ಸತ್ತ ದನವನ್ನು ಸಾಗಿಸುವುದು ಮತ್ತು ಊರಿನ ಬಿಟ್ಟಿ ಚಾಕರಿಯೂ ಇದೇ ವ್ಯವಸ್ಥೆಯ ಭಾಗಗಳಾಗಿದ್ದವು. ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು ದೊರೆಯುತ್ತಿತ್ತು.

ಆದುದರಿಂದ ದೀಕ್ಷಾಸ್ನಾನ ಪಡೆದ ಕುಟುಂಬಕ್ಕೆ ಎದುರಾದ ಮೊದಲ ಪ್ರಶ್ನೆ ನಂಬಿಕೆಯದಷ್ಟೇ ಆಗಿರಲಿಲ್ಲ. ಜಾತ್ರೆಯಲ್ಲಿ ಹಲಗೆ ಬಾರಿಸಲು ನಿರಾಕರಿಸಿದವರು ಊರಿಗೆ ಸಲ್ಲಬೇಕಾದ ಸೇವೆಯನ್ನು ನಿರಾಕರಿಸಿದಂತಾಗಿ, ತಮ್ಮ ಧಾನ್ಯದ ಪಾಲನ್ನು ಕಳೆದುಕೊಳ್ಳುವ ಸಾಧ್ಯತೆ ಇತ್ತು. ರೋಗ ಬಂದಾಗ ದೇವತೆಯ ಕೋಪಕ್ಕೆ ಅವರೇ ಕಾರಣರೆಂಬ ಆರೋಪಕ್ಕೂ ಅವಕಾಶವಿತ್ತು. ಇನ್ನೊಂದೆಡೆ ಅದೇ ನಿರಾಕರಣೆಯು ಅವಮಾನಕರ ಚಾಕರಿಯಿಂದ ಬಿಡುಗಡೆಯ ದಾರಿಯೂ ಆಗಿತ್ತು. ಮಿಷನ್ ಶಾಲೆ, ವಿದ್ಯಾರ್ಥಿನಿಲಯ ಮತ್ತು ಆಸ್ಪತ್ರೆಗಳು ಈ ಬಿಡುಗಡೆಗೆ ಆಧಾರ ಒದಗಿಸಿದವು. ಹೆಣ್ಣುಮಕ್ಕಳನ್ನು ದೇವತೆಗೆ ಬಿಡುವ ಪದ್ಧತಿಯನ್ನು ಕರ್ನಾಟಕ ಸರ್ಕಾರವು ದೇವದಾಸಿ ಸಮರ್ಪಣೆ ನಿಷೇಧ ಅಧಿನಿಯಮ, 1982ರ ಮೂಲಕ ಅಪರಾಧವೆಂದು ಘೋಷಿಸಿತು.

ಆಚರಣೆಗಳಲ್ಲಿ ಮುಂದುವರಿಕೆ ಮತ್ತು ಬದಲಾವಣೆ

ಸಾಮೂಹಿಕ ಮತಾಂತರದಲ್ಲಿ ಬಂಧುತ್ವ, ಭಾಷೆ ಮತ್ತು ವಾಸದ ಕೇರಿ ಬದಲಾಗುವುದಿಲ್ಲ. ಒಂದೇ ಬಳಗದಲ್ಲಿ ಚರ್ಚಿಗೆ ಹೋಗುವವರೂ ಹೋಗದವರೂ ಇರುವುದರಿಂದ ಮದುವೆ, ಸಾವು ಮತ್ತು ಹಬ್ಬಗಳಲ್ಲಿ ಎರಡು ಸಂಪ್ರದಾಯಗಳು ಎದುರುಬದುರಾಗುತ್ತವೆ. ಚರ್ಚಿನಲ್ಲಿ ನಡೆಯುವ ವಿವಾಹದ ಹಿಂದುಮುಂದೆ ಅರಿಶಿಣ ಹಚ್ಚುವ ಶಾಸ್ತ್ರ ಉಳಿದುಕೊಂಡಿರುವುದು ಇದಕ್ಕೆ ಒಂದು ನಿದರ್ಶನ. ಭಜನೆಯ ರೂಪ ಹಾಗೂ ತಾಳ, ಡೋಲಕ್‌ಗಳು ಕ್ರೈಸ್ತ ಆರಾಧನೆಯಲ್ಲಿ ಸ್ಥಾನ ಪಡೆದಿವೆ.

ಜಾತ್ರೆಯ ಕಲ್ಪನೆಯೂ ಹೊಸ ರೂಪ ತಾಳಿದೆ. ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ನಡೆಯುವ ಮೆಥೋಡಿಸ್ಟ್ ಕೂಟವನ್ನು ಜನರು ‘ಜಾತ್ರೆ’ ಎಂದೇ ಕರೆಯುತ್ತಾರೆ. ಗಡಿಯಾಚೆಯ ಕರ್ನಾಟಕದಿಂದಲೂ ಭಕ್ತರು ಅಲ್ಲಿಗೆ ಹೋಗಿ ಡೇರೆ ಹಾಕಿಕೊಂಡು ತಂಗುತ್ತಾರೆ. ಬಲಿಯ ಸ್ಥಾನವನ್ನು ಅಲ್ಲಿ ಉಪದೇಶ, ಹಾಡು ಮತ್ತು ಪ್ರಾರ್ಥನೆಗಳು ಪಡೆದಿವೆ.

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಭೂಮಿಗೆ ಚರಗ ಚೆಲ್ಲಿ, ಬಂಧುಮಿತ್ರರೊಂದಿಗೆ ಭಜ್ಜಿ ಮತ್ತು ರೊಟ್ಟಿಯ ಊಟ ಮಾಡುವುದು ಈ ಭಾಗದ ದೊಡ್ಡ ರೈತ ಹಬ್ಬ. ಊಟದ ಕರೆ ಎಲ್ಲ ಮತದವರಿಗೂ ಇರುತ್ತದೆ. ಪೂಜೆ ಬಿಟ್ಟು ಊಟದಲ್ಲಿ ಮಾತ್ರ ಭಾಗವಹಿಸಬಹುದೇ, ಎಡೆಯಾಗಿ ಇಟ್ಟದ್ದನ್ನು ತಿನ್ನಬಹುದೇ ಎಂಬುದು ಕ್ರೈಸ್ತರಿಗೆ ನೈಜ ಪ್ರಶ್ನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8ನೆಯ ಅಧ್ಯಾಯವೂ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಇದೇ ಸಮಸ್ಯೆಯನ್ನು ಚರ್ಚಿಸುತ್ತದೆ.

ಪಿ. ವೈ. ಲ್ಯೂಕ್ ಮತ್ತು ಜಾನ್ ಬಿ. ಕಾರ್ಮನ್ ನೆರೆಯ ಮೆದಕ್ ಸೀಮೆಯ ಹಳ್ಳಿಗಳಲ್ಲಿ ನಡೆಸಿ 1968ರಲ್ಲಿ ಪ್ರಕಟಿಸಿದ ಅಧ್ಯಯನವು ಗ್ರಾಮೀಣ ಕ್ರೈಸ್ತರ ಬದುಕು ಮತ್ತು ಸುತ್ತಲಿನ ಹಿಂದೂ ಸಂಸ್ಕೃತಿಯ ನಡುವಿನ ಸಂಬಂಧವನ್ನು ಕುರಿತದ್ದು. ಇಂತಹ ಆಚರಣೆಗಳನ್ನು ‘ಅರೆಮನಸ್ಸಿನ ಮತಾಂತರ’ ಎಂದು ನೋಡುವವರೂ, ನೆಲಕ್ಕೆ ಹೊಂದಿಕೊಂಡ ಕ್ರೈಸ್ತಧರ್ಮವೆಂದು ಪರಿಗಣಿಸುವವರೂ ಇದ್ದಾರೆ.

ಜಾತಿ ಮತ್ತು ಕಾನೂನು

ಸಂವಿಧಾನದ ಪರಿಶಿಷ್ಟ ಜಾತಿಗಳ ಆದೇಶ, 1950 ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರ ವ್ಯಾಪ್ತಿಗೆ ಸೇರಿಸಲಾಯಿತು. ಕ್ರೈಸ್ತರು ಹೊರಗುಳಿದರು. ಇದರಿಂದ ಅಸ್ಪೃಶ್ಯತೆಯ ಅನುಭವ ಒಂದೇ ಆಗಿದ್ದರೂ ಚರ್ಚಿಗೆ ಸೇರಿದವರು ಮೀಸಲಾತಿಯನ್ನು ಕಳೆದುಕೊಳ್ಳುತ್ತಾರೆ. ಆರಾಧನೆಯಲ್ಲಿ ಒಂದು ಧರ್ಮ, ದಾಖಲೆಯಲ್ಲಿ ಮತ್ತೊಂದು ಎಂಬ ಸ್ಥಿತಿ ಇದರಿಂದ ಉಂಟಾಗಿದೆ. ಜನಗಣತಿಯ ಸಂಖ್ಯೆಗಳಿಂದ ಮಾತ್ರ ಸಮುದಾಯದ ಗಾತ್ರವನ್ನು ಅಳೆಯುವುದು ಈ ಕಾರಣಕ್ಕೆ ಕಷ್ಟ.

ಈ ವಿಷಯ ನ್ಯಾಯಾಲಯದ ಮುಂದೆಯೂ ಬಂದಿದೆ. ಕೋಲಾರ ಚಿನ್ನದ ಗಣಿ ಕ್ಷೇತ್ರದ ಚುನಾವಣೆಗೆ ಸಂಬಂಧಿಸಿದ ಸಿ. ಎಂ. ಆರ್ಮುಗಂ ಪ್ರಕರಣದಲ್ಲಿ, ಕ್ರೈಸ್ತಧರ್ಮದಿಂದ ಹಿಂದೂ ಧರ್ಮಕ್ಕೆ ಮರಳಿದವರನ್ನು ಮೂಲ ಜಾತಿಯವರು ಒಪ್ಪಿಕೊಂಡರೆ ಅವರು ಆ ಜಾತಿಯ ಸದಸ್ಯರಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ತೀರ್ಪು ನೀಡಿತು. ಕ್ರೈಸ್ತಧರ್ಮವನ್ನು ಆಚರಿಸುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವಂತಿಲ್ಲವೆಂದು ಅದೇ ನ್ಯಾಯಾಲಯ ಪುದುಚೇರಿಯ ಪ್ರಕರಣವೊಂದರಲ್ಲಿ 2024ರ ನವೆಂಬರಿನಲ್ಲಿ ಹೇಳಿತು. ದಲಿತ ಕ್ರೈಸ್ತರಿಗೂ ಮುಸ್ಲಿಮರಿಗೂ ಈ ಸ್ಥಾನಮಾನ ವಿಸ್ತರಿಸುವ ಬಗ್ಗೆ ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು.

ಪ್ರಸ್ತುತ ಸ್ಥಿತಿ

ಸಿಡುಬು ನಿರ್ಮೂಲನೆ, ಲಸಿಕೆ ಮತ್ತು ವೈದ್ಯಕೀಯ ಸೌಲಭ್ಯಗಳಿಂದಾಗಿ ಗ್ರಾಮದೇವತೆಯ ಭಯದ ಸ್ವರೂಪ ಬದಲಾಗಿದೆ. ಆದರೂ ರೋಗಶಮನದ ಹಂಬಲ ಉಳಿದಿದ್ದು, ಸ್ವಸ್ಥತೆಯ ಪ್ರಾರ್ಥನೆಗೆ ಒತ್ತು ನೀಡುವ ಪೆಂಟೆಕೋಸ್ಟಲ್ ಸಭೆಗಳು ಅದಕ್ಕೆ ಸ್ಪಂದಿಸುತ್ತವೆ. 2022ರಲ್ಲಿ ಜಾರಿಗೆ ಬಂದ ಕರ್ನಾಟಕದ ಮತಾಂತರ ನಿಯಂತ್ರಣ ಕಾಯ್ದೆಯನ್ನು ರದ್ದುಗೊಳಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಹಲಗೆಯ ವಿಷಯದಲ್ಲಿಯೂ ಹೊಸ ದೃಷ್ಟಿ ಮೂಡಿದೆ. ಒಮ್ಮೆ ಚಾಕರಿಯ ಗುರುತಾಗಿ ತ್ಯಜಿಸಲ್ಪಟ್ಟ ಈ ವಾದ್ಯವನ್ನು ದಲಿತ ಚಳವಳಿಯು ಸ್ವಾಭಿಮಾನದ ಸಂಕೇತವಾಗಿ ಮರಳಿ ಕೈಗೆತ್ತಿಕೊಂಡಿದೆ.