ನಾಯಿಗೆ ಹಣ್ಣು ಹಾಕಿ, ಹುಣಸೆ ಮಾತ್ರ ಬೇಡ

ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನಲ್ಲಿ ನಾಯಿ ಇಲ್ಲದೆ ಹೊಲ ಕಾಯುವುದು ಕಷ್ಟ. ರಾಗಿ, ಜೋಳ ತೆನೆಗೆ ಬಂದಾಗ ಹಂದಿ ನುಗ್ಗಿದರೆ ಮೊದಲು ತಿಳಿಯುವುದು ಅದಕ್ಕೇ. ಅದಕ್ಕೆ ನಾವು ಹಾಕುವುದು ಹಿಟ್ಟು, ಮಿಕ್ಕಿದ ಸಾರು. ಹಣ್ಣು ತಿನ್ನುವಾಗ ಎದುರಿಗೆ ಬಂದು ಕೂತರೆ ಮಕ್ಕಳು ಒಂದು ತುಂಡು ಎಸೀತಾರೆ. ಎಸೆಯಲಿ. ಆದರೆ ನಮಗೆ ಒಗ್ಗುವುದೆಲ್ಲ ನಾಯಿಗೆ ಒಗ್ಗುವುದಿಲ್ಲ.

ಸಿಪ್ಪೆ ಸುಲಿದ ಬಾಳೆಹಣ್ಣು, ಬೀಜ ಸಿಪ್ಪೆ ತೆಗೆದ ಪರಂಗಿ, ಸೀಬೆ, ಕಲ್ಲಂಗಡಿಯ ಕೆಂಪು ತಿರುಳು, ಇವು ಆಗುತ್ತವೆ. ದಿನದ ಊಟದಲ್ಲಿ ಹತ್ತರಲ್ಲಿ ಒಂದು ಪಾಲು ಮೀರಬಾರದು. ನಮ್ಮ ನಾಟಿ ನಾಯಿಗೆ ಎರಡು ಮೂರು ತುಂಡು ಸಾಕು. ಹೆಚ್ಚಾದರೆ ಭೇದಿ. ಮಾವು ಕೊಟ್ಟರೆ ವಾಟೆ ತೆಗೆದು ಕೊಡಿ. ವಾಟೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ, ಆಪರೇಷನ್ನೇ ಗತಿ. ಸೀತಾಫಲದ ಬೀಜ ಜಗಿದರೆ ವಿಷ. ಒಂದೊಂದೇ ಬೀಜ ಬಿಡಿಸಿ ನಾಯಿಗೆ ಹಾಕುವಷ್ಟು ಪುರಸತ್ತು ಯಾರಿಗಿದೆ? ಅದು ಬೇಡವೇ ಬೇಡ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ದ್ರಾಕ್ಷಿ ಮತ್ತು ಹುಣಸೆ ವಿಚಾರ. ಹಸಿ ದ್ರಾಕ್ಷಿ, ಒಣ ದ್ರಾಕ್ಷಿ ತಿಂದ ನಾಯಿಗೆ ಕಿಡ್ನಿ ಕೆಡುತ್ತದೆ ಎಂಬುದು ಪಶುವೈದ್ಯರಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಯಾಕೆಂದು ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷಬಾಧೆ ಸಲಹಾ ಕೇಂದ್ರದ ವೈದ್ಯರು, ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಎಂದರು. ಮರುವರ್ಷ ಹುಣಸೆ ತಿಂದ ನಾಯಿಗಳಿಗೂ ಹಾಗೇ ಕಿಡ್ನಿ ಕೆಟ್ಟದ್ದನ್ನು ವರದಿ ಮಾಡಿದರು. ಹುಣಸೆಯ ಹುಳಿಯೇ ಈ ಆಮ್ಲ. ನೂರು ಗ್ರಾಂ ತಿರುಳಿನಲ್ಲಿ 8ರಿಂದ 18 ಗ್ರಾಂ ಇರುತ್ತದೆ, ದ್ರಾಕ್ಷಿಗಿಂತ ಎಷ್ಟೋ ಹೆಚ್ಚು. ನಾವು ದಿನಾ ಉಣ್ಣುತ್ತೇವೆ, ಏನೂ ಆಗಲ್ಲ. ನಾಯಿಯ ಕಿಡ್ನಿ ಅದನ್ನು ತಡೆಯುವುದಿಲ್ಲ.

ನಮ್ಮಲ್ಲಿ ಬದುವಿಗೊಂದು ಹುಣಸೆ ಮರ. ಶಿವರಾತ್ರಿ ಸುತ್ತಮುತ್ತ ಹಣ್ಣು ಉದುರಿಸಿ, ಬಿಸಿಲಿಗೆ ಹಾಕಿ, ಅಂಗಳದಲ್ಲೇ ಕುಟ್ಟಿ ಬೀಜ ಬಿಡಿಸುತ್ತೇವೆ. ಬರಿ ಹುಳಿಗೆ ನಾಯಿ ಬಾಯಿ ಹಾಕುವುದು ಕಮ್ಮಿ. ಉಪ್ಪು ಬೆರೆಸಿ ಉಂಡೆ ಕಟ್ಟಿದ್ದು, ಬೆಲ್ಲ ಹಾಕಿ ಮಕ್ಕಳು ಮಾಡಿಕೊಂಡದ್ದು ಸಿಕ್ಕರೆ ನೆಕ್ಕುತ್ತದೆ. ಆ ದಿನಗಳಲ್ಲಿ ನಾಯಿಯನ್ನು ಹೊಲದ ಕಡೆ ಕಟ್ಟಿ, ಉಂಡೆಯನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ ಮೇಲಿಡಿ. ಅದೇ ಸಮಯದಲ್ಲಿ ತಾಳಬೆಟ್ಟದಿಂದ ನಡೆದು ಹೋಗುವ ಭಕ್ತರು ದಾರಿಯ ನಾಯಿಗಳಿಗೂ ತಿನ್ನಲು ಹಾಕುತ್ತಾರೆ. ಒಳ್ಳೇ ಮನಸ್ಸು. ಬಾಳೆಹಣ್ಣು ಹಾಕಲಿ. ಒಣ ದ್ರಾಕ್ಷಿ ಇರುವ ಲಾಡು, ಪಂಚಾಮೃತ ಹಾಕುವುದು ಬೇಡ.

ಎಷ್ಟು ತಿಂದರೆ ಅಪಾಯ ಎಂದು ಲೆಕ್ಕ ಹೇಳಲಾಗದು. ಒಂದಕ್ಕೆ ಸ್ವಲ್ಪವೇ ಸಾಕಾಗಬಹುದು, ಇನ್ನೊಂದು ತಡೆದುಕೊಳ್ಳಬಹುದು. ಮೊದಲು ಒಂದೇ ದಿನದೊಳಗೆ ವಾಂತಿ ಶುರುವಾಗುತ್ತದೆ. ಆಮೇಲೆ ಊಟ ಬಿಟ್ಟು ಮಂಕಾಗಿ ಮಲಗುತ್ತದೆ, ಪದೇ ಪದೇ ನೀರು ಕುಡಿಯುತ್ತದೆ. ಎರಡು ಮೂರು ದಿನಕ್ಕೆ ಉಚ್ಚೆ ಕಮ್ಮಿಯಾಗಿ ನಿಂತೇ ಹೋಗಬಹುದು. ಅಲ್ಲಿಗೆ ಬಂದ ಮೇಲೆ ಉಳಿಸುವುದು ಬಲು ಕಷ್ಟ. ತಿಂದದ್ದು ಕಂಡ ಕೂಡಲೇ, ವಾಂತಿಗೆ ಕಾಯದೆ, ಹನೂರಿಗೋ ಕೊಳ್ಳೇಗಾಲಕ್ಕೋ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದೆರಡು ಗಂಟೆಯೊಳಗಾದರೆ ವಾಂತಿ ಮಾಡಿಸಿ ತೆಗೆಯಬಹುದು. ಆಮೇಲೆ ಎರಡು ದಿನ ಡ್ರಿಪ್ ಹಾಕಬೇಕಾಗುತ್ತದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಅಭ್ಯಾಸ ನಮ್ಮವರಿಗಿದೆ; ಅದೇ ಇನ್ನೊಂದು ವಿಷ ಆಗುತ್ತದೆ.

ಹಾಗಾದರೆ ಹಿಟ್ಟಿಗೆ ಸಾರು ಹಾಕುವುದು ಹೇಗೆ ಅಂತ ನಮ್ಮ ಮನೆಯಲ್ಲೂ ಕೇಳಿದರು. ಒಂದು ಸೌಟು ತೆಳು ಸಾರಿನಲ್ಲಿ ಹುಣಸೆ ಹೆಚ್ಚೇನಿರಲ್ಲ, ತಳದ ಗಸಿ ಮಾತ್ರ ಸುರಿಯಬೇಡಿ. ಈರುಳ್ಳಿಯೂ ನಾಯಿಯ ರಕ್ತ ಕೆಡಿಸುತ್ತದೆ. ಅದರ ಬದಲು ಅವರೆಯನ್ನೋ ಹುರುಳಿಯನ್ನೋ ಬೇಯಿಸಿ ಬಸಿದ ಕಟ್ಟನ್ನು, ಹುಳಿ, ಈರುಳ್ಳಿ ಬೀಳುವ ಮೊದಲೇ ಒಂದು ಚೊಂಬು ತೆಗೆದಿಟ್ಟರೆ ಆಯಿತು. ಇಲ್ಲವೆಂದರೆ ಮಜ್ಜಿಗೆ ಇದೆಯಲ್ಲ.