ಬಗನಿ ಹೆಂಡವೂ ಹಣ್ಣಿನ ಬಿಯರೂ

ಕಾಫಿ ಕೊಯ್ಲಿನ ಕಾಲದಲ್ಲಿ ಸಕಲೇಶಪುರದ ತೋಟಗಳ ಪಲ್ಪರ್ ಮನೆಯ ಹತ್ತಿರ ಹೋದವರಿಗೆ ಒಂದು ವಾಸನೆ ಪರಿಚಿತ. ಹಣ್ಣಿನ ಸಿಪ್ಪೆ ಸುಲಿದ ಬೀಜದ ಸುತ್ತ ಲೋಳೆ ಉಳಿದಿರುತ್ತದೆ. ಅದು ಬಿಡಲೆಂದು ಬೀಜವನ್ನು ಒಂದೆರಡು ದಿನ ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಸಿಹಿ, ಹುಳಿ, ತುಸು ಹೆಂಡದಂತಹ ಆ ವಾಸನೆ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಅದೇ ಜೀವಿಗಳು ಬಗನಿ ಮರದ ರಸವನ್ನು ಹೆಂಡವಾಗಿಸುತ್ತವೆ, ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಅವುಗಳ ಬಳಗವೇ. ಸಾವಿರಾರು ಮೈಲಿ ದೂರದ ಬೆಲ್ಜಿಯಂ ರೈತರ ಮನೆಯ ಬಿಯರಿಗೆ ಜಗತ್ತೇ ಮಾರುಹೋಗುವಂತೆ ಮಾಡಿದ್ದೂ ಇವೇ.

ಇಂದು ಬೆಂಗಳೂರಿನ ಪಬ್ಬುಗಳಲ್ಲಿ 'ಫಾರ್ಮ್‌ಹೌಸ್ ಏಲ್' ಎಂಬ ಹೆಸರು ಕೇಳಿಬರುತ್ತದೆ. ಮಾವಿನ ಕಾಲ ಬಂದರೆ ಮಾವಿನ ಬಿಯರೂ ಬರುತ್ತದೆ. ಹೆಸರಿನಲ್ಲಿ ತೋಟದ ಮನೆ ಇದೆ, ರುಚಿಯಲ್ಲಿ ತೋಟದ ಹಣ್ಣಿದೆ. ಆದರೆ ಆಲೂರು, ಸಕಲೇಶಪುರದ ತೋಟದ ಮನೆಯಲ್ಲಿ ಅದನ್ನು ಮಾಡಿದರೆ ಅಪರಾಧ. ಈ ವಿಚಿತ್ರ ಸ್ಥಿತಿ ಹೇಗೆ ಬಂತೆಂದು ತಿಳಿಯಬೇಕಾದರೆ ಮೊದಲು ಆ ಪೇಯವೇನೆಂದು ತಿಳಿಯಬೇಕು.

ಕೂಲಿಯ ಜೊತೆಗೆ ಬಿಯರು

ಬೆಲ್ಜಿಯಂ ದೇಶದ ದಕ್ಷಿಣಕ್ಕೆ ವಲೋನಿಯ ಎಂಬ ಪ್ರಾಂತ್ಯವಿದೆ. ಫ್ರೆಂಚ್ ಮಾತನಾಡುವ ರೈತರ ನಾಡು. ಅಲ್ಲಿ ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಮನೆಯ ಬಾರ್ಲಿಯಿಂದ ಬಿಯರ್ ತಯಾರಿಸಿ ಇಡುತ್ತಿದ್ದರು. ಬೇಸಿಗೆಯಲ್ಲಿ ಕೊಯ್ಲಿಗೆ ಬರುವ ಆಳುಗಳ ಬಾಯಾರಿಕೆಗೆ ಅದೇ ಪಾನೀಯ. ಇದಕ್ಕೆ 'ಸೇಸೋಂ' ಎಂದು ಹೆಸರು. ಫ್ರೆಂಚಿನಲ್ಲಿ ಋತು ಎಂದರ್ಥ. ಆಳುಗಳು ಕುಡಿದು ಹೊಲದಲ್ಲಿ ಮಲಗಬಾರದಲ್ಲ; ಆದ್ದರಿಂದ ಆಗ ಅದರಲ್ಲಿ ಅಮಲು ಕಡಿಮೆ ಇರುತ್ತಿತ್ತು. ಈಗ ಮಾರಾಟಕ್ಕೆ ಬರುವ ಸೇಸೋಂ ಹೆಚ್ಚು ಗಟ್ಟಿ. ತೂರ್ಪ್ ಎಂಬ ಹಳ್ಳಿಯ ದ್ಯುಪೋಂ ಬ್ರೂವರಿಯದು ಶೇ. 6.5ರಷ್ಟಿದೆ. ಆ ಬ್ರೂವರಿ ಇಂದಿಗೂ ಹಳೆಯ ತೋಟದ ಮನೆಯ ಆವರಣದಲ್ಲೇ ನಡೆಯುತ್ತಿದೆ.

ನಮ್ಮ ಅಂಗಡಿಗಳಲ್ಲಿ ಸಿಗುವ ಬಿಯರು ಬಹುಪಾಲು 'ಲಾಗರ್'. ಅದು ತಣ್ಣನೆಯ ತೊಟ್ಟಿಯಲ್ಲಿ ನಿಧಾನವಾಗಿ ಹುದುಗಿದ್ದು. 'ಏಲ್' ಬೆಚ್ಚಗಿರುವಲ್ಲಿ ಬೇಗ ಹುದುಗುತ್ತದೆ. ಸೇಸೋಂ ಯೀಸ್ಟಂತೂ 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲೂ ಬೇಸರಿಸದೆ ದುಡಿಯುತ್ತದೆ. ಹಾಗಾಗಿ ಇದು ಮಲೆನಾಡಿನ ಹವೆಗೆ ಹೊಂದುವ ಬಿಯರು ಎನ್ನಲು ಅಡ್ಡಿಯಿಲ್ಲ.

ಹಣ್ಣು ಸೇರಿಸುವ ರೂಢಿ ಬ್ರಸೆಲ್ಸ್ ಸುತ್ತಮುತ್ತ ಬೆಳೆಯಿತು. ಅಲ್ಲಿ 'ಲಾಂಬಿಕ್' ಎಂಬ ಹುಳಿ ಬಿಯರಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ಧಾನ್ಯದ ರಸವನ್ನು ರಾತ್ರಿಯಿಡೀ ಅಗಲ ತೊಟ್ಟಿಯಲ್ಲಿ ತೆರೆದಿಟ್ಟರೆ ಗಾಳಿಯಲ್ಲಿರುವ, ಮರದ ಪೀಪಾಯಿಯಲ್ಲಿ ನೆಲೆಸಿರುವ ಜೀವಿಗಳೇ ಬಂದು ಕೆಲಸ ಆರಂಭಿಸುತ್ತವೆ. ಆ ಪೀಪಾಯಿಗೆ ಹುಳಿ ಚೆರಿ ಹಣ್ಣು ಸುರಿದು ತಿಂಗಳುಗಟ್ಟಲೆ ಬಿಟ್ಟರೆ ಸಿಗುವುದು 'ಕ್ರೀಕ್'. ಬಣ್ಣ ಕೆಂಪು, ರುಚಿ ಹುಳಿ.

ಕೌಟಿಲ್ಯನ ಮಾವಿನ ಸುರೆ

ಹಣ್ಣಿನ ಬಿಯರು ಪಾಶ್ಚಾತ್ಯರ ಆಮದು ಎಂದುಕೊಂಡರೆ ತಪ್ಪಾದೀತು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವೇ ಇದೆ. ಅಂದರೆ ಅಂದಿನ ಅಬಕಾರಿ ಅಧಿಕಾರಿ. ಅಲ್ಲಿ ಬರುವ ಸುರೆಯ ಬಗೆಗಳಲ್ಲಿ 'ಸಹಕಾರಸುರಾ' ಎಂಬುದೊಂದು. ಸಹಕಾರ ಎಂದರೆ ಮಾವು. ಸುರೆ ಎಂದರೆ ಧಾನ್ಯ ಹುದುಗಿಸಿದ ಮದ್ಯ. ಎರಡೂ ಸೇರಿದರೆ ಮಾವಿನ ಬಿಯರಲ್ಲದೆ ಇನ್ನೇನು? ಹುದುಗಿಸಲು ಬಳಸುವ ಹೆಪ್ಪಿಗೆ 'ಕಿಣ್ವ' ಎಂದು ಹೆಸರಿಟ್ಟು, ಅದನ್ನು ಉದ್ದು ಮತ್ತು ಅಕ್ಕಿಯಿಂದ ಮಾಡುವ ಕ್ರಮವನ್ನೂ ಹೇಳಿದೆ. ಇಂದು ನಮ್ಮ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಎನ್‌ಜೈಮ್‌ಗೆ ಇರುವ ಕನ್ನಡ ಪದವೂ ಕಿಣ್ವವೇ.

ಮನುಸ್ಮೃತಿಯೂ ಸುರೆಯನ್ನು ಮೂರಾಗಿ ವಿಂಗಡಿಸುತ್ತದೆ: ಬೆಲ್ಲದ್ದು ಗೌಡಿ, ಹಿಟ್ಟಿನದು ಪೈಷ್ಟಿ, ಮಧೂಕ ಅಥವಾ ಇಪ್ಪೆಯ ಹೂವಿನದು ಮಾಧ್ವಿ. ಮನು ಇವನ್ನು ಹೇಳುವುದು ನಿಷೇಧಿಸಲು. ಕೌಟಿಲ್ಯ ಹೇಳುವುದು ತೆರಿಗೆ ಎತ್ತಲು. ಆದರೂ ಕೌಟಿಲ್ಯ ಒಂದು ವಿನಾಯಿತಿ ಕೊಟ್ಟಿದ್ದಾನೆ. ವಿಶೇಷ ಸಂದರ್ಭಗಳಲ್ಲಿ ಸಂಸಾರಸ್ಥರು ಮನೆಯಲ್ಲೇ ಬಿಳಿ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಆ ಅರಿಷ್ಟ ಇಂದಿಗೂ ದ್ರಾಕ್ಷಾರಿಷ್ಟವಾಗಿ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಸುರೆಯ ವಿನಾಯಿತಿ ಮಾತ್ರ ಹೋಯಿತು.

ಮರವೇ ಕಾರ್ಖಾನೆ

ಸಕಲೇಶಪುರ, ಆಲೂರು ಸೀಮೆಯಲ್ಲಿ ಬಾರ್ಲಿ ಬೆಳೆಯುವುದಿಲ್ಲ. ಅದಕ್ಕೆ ಬದಲಾಗಿ ಇಲ್ಲಿ ಬಗನಿ ಮರವಿದೆ. ಕೆಲವೆಡೆ ಬೈನೆ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಕ್ಯಾರಿಯೋಟ ಯೂರೆನ್ಸ್. ಯೂರೆನ್ಸ್ ಎಂದರೆ ಉರಿಸುವುದು. ಅದರ ಹಣ್ಣಿನಲ್ಲಿರುವ ಸೂಜಿಯಂತಹ ಹರಳುಗಳು ತಾಗಿದರೆ ಮೈಯೆಲ್ಲ ತುರಿಕೆ. ಎಲೆ ಮೀನಿನ ಬಾಲದಂತೆ, ಹೂಗೊಂಚಲು ಬಿಚ್ಚಿದ ಜಡೆಯಂತೆ. ಈ ಮರ ಬೆಳೆದು ಬಲಿತ ಮೇಲೆ ಮೊದಲ ಗೊಂಚಲು ನೆತ್ತಿಯಲ್ಲಿ ಮೂಡುತ್ತದೆ. ಆಮೇಲಿನ ಗೊಂಚಲುಗಳು ಕೆಲವು ವರ್ಷಗಳ ಕಾಲ ಒಂದೊಂದಾಗಿ ಕೆಳಕೆಳಗೆ ಬರುತ್ತವೆ. ಕೊನೆಯ ಗೊಂಚಲು ಮುಗಿದರೆ ಮರದ ಆಯುಷ್ಯವೂ ಮುಗಿಯಿತು. ಸತ್ತ ಮರವೂ ಹಾಳಲ್ಲ. ತಿರುಳು ತೆಗೆದ ಕಾಂಡ ನೀರು ಹಾಯಿಸುವ ದೋಣಿಯಾಗುತ್ತಿತ್ತು.

ಹೂ ಅರಳುವ ಮೊದಲೇ ಗೊಂಚಲನ್ನು ಹದ ಮಾಡಿ, ತುದಿ ಕೊಯ್ದು ಮಡಕೆ ಕಟ್ಟುತ್ತಾರೆ. ತೊಟ್ಟಿಕ್ಕುವ ರಸ ಸಿಹಿ. ಮಡಕೆಯ ಒಳಗೆ ಸುಣ್ಣ ಬಳಿದರೆ ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಶ್ರೀಲಂಕಾದಲ್ಲಿ ಇದೇ ಮರದ 'ಕಿತುಲ್' ಜೋನಿಬೆಲ್ಲ ಹೆಸರುವಾಸಿ. ಸುಣ್ಣವಿಲ್ಲದಿದ್ದರೆ ಬ್ರಸೆಲ್ಸಿನಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತದೆ. ಗಾಳಿಯ, ಮಡಕೆಯ, ಹುಳುಹುಪ್ಪಟೆಯ ಮೈಮೇಲಿನ ಯೀಸ್ಟ್ ಬಂದು ಸೇರಿ, ಕೆಲವೇ ಗಂಟೆಗಳಲ್ಲಿ ಶೇ. 4ರ ಆಸುಪಾಸಿನ ಅಮಲು ಹುಟ್ಟುತ್ತದೆ. ಬೆಳಿಗ್ಗೆ ಸಿಹಿ, ಮಧ್ಯಾಹ್ನ ಹುಳಿ, ಮರುದಿನ ವಿನೆಗರ್. ಲಾಂಬಿಕ್‌ಗೆ ವರ್ಷಗಳು ಬೇಕು, ಬಗನಿ ಹೆಂಡಕ್ಕೆ ಒಂದು ಹಗಲು ಸಾಕು.

ಭರಣಿಯ ಹಣ್ಣು

ಇನ್ನೊಂದು ಪರಂಪರೆ ಮನೆಯೊಳಗಿನದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ಮನೆಗಳಲ್ಲಿ ಕಿತ್ತಳೆ, ನೇರಳೆ, ಅನಾನಸು, ಪ್ಯಾಶನ್ ಹಣ್ಣುಗಳಿಂದ ವೈನ್ ಮಾಡುವ ರೂಢಿ. ಪಿಂಗಾಣಿ ಭರಣಿಯಲ್ಲಿ ಹಣ್ಣು, ಸಕ್ಕರೆ, ಕಾಯಿಸಿ ಆರಿಸಿದ ನೀರು, ಚಿಟಿಕೆ ಯೀಸ್ಟ್, ಒಂದು ಹಿಡಿ ಗೋಧಿ. ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಿ, ಮೂರು ವಾರದ ಮೇಲೆ ಸೋಸಿ, ಮತ್ತೆ ತಿಳಿಯಾಗಲು ಇಡುತ್ತಾರೆ.

ಗೋಧಿ ಹಾಕಿದರೂ ಇದು ಬಿಯರಲ್ಲ, ಏಕೆ? ಯೀಸ್ಟ್ ತಿನ್ನುವುದು ಸಕ್ಕರೆಯನ್ನು, ಪಿಷ್ಟವನ್ನಲ್ಲ. ಧಾನ್ಯದ ಪಿಷ್ಟ ಸಕ್ಕರೆಯಾಗಬೇಕಾದರೆ ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಹಾಕಬೇಕು. ಮಗುವಿನ ರಾಗಿ ಸರಿಗೆ ರಾಗಿಯನ್ನು ಮೊಳಕೆ ಕಟ್ಟುವ ತಾಯಂದಿರು ಮಾಡುವುದೂ ಇದರ ಮೊದಲ ಅರ್ಧವನ್ನೇ. ಮೊಳಕೆಯಲ್ಲಿ ಹುಟ್ಟುವ ಕಿಣ್ವವೇ ಪಿಷ್ಟವನ್ನು ಒಡೆಯುವುದು. ಭರಣಿಯ ಗೋಧಿಗೆ ಈ ಸಂಸ್ಕಾರ ಇಲ್ಲದ್ದರಿಂದ ಅಮಲೆಲ್ಲ ಸಕ್ಕರೆ ಮತ್ತು ಹಣ್ಣಿನದು.

ರುಚಿ ನೋಡುವುದು ಹೇಗೆ?

ಹಣ್ಣಿನ ಬಿಯರ್ ಮೊದಲ ಸಲ ಕುಡಿದವರ ಸಾಮಾನ್ಯ ದೂರು, ಹಣ್ಣಿನ ಸಿಹಿ ಎಲ್ಲಿ ಎಂಬುದು. ಸಿಹಿ ಇರಬಾರದು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ. ಉಳಿಯುವುದು ಘಮ, ಹುಳಿ ಮತ್ತು ಸಿಪ್ಪೆಯ ಒಗರು. ಜ್ಯೂಸಿನಂತೆ ಸಿಹಿಯಾಗಿದ್ದರೆ ಹುದುಗಿದ ಮೇಲೆ ರಸವನ್ನೋ ಎಸೆನ್ಸನ್ನೋ ಬೆರೆಸಿದ್ದಾರೆ ಎಂದು ಸಂಶಯಿಸಬಹುದು.

ಕಾಫಿಯ ರುಚಿ ಪರೀಕ್ಷಕರಂತೆ ಇಲ್ಲಿಯೂ ಮೂಗು ಮೊದಲು, ನಾಲಿಗೆ ನಂತರ. ಹಲಸು, ಬಾಳೆಗಳ ಘಮಕ್ಕೆ ಕಾರಣ 'ಎಸ್ಟರ್' ಎಂಬ ರಾಸಾಯನಿಕಗಳು. ಬೆಚ್ಚಗೆ ಹುದುಗುವ ಯೀಸ್ಟ್ ತಾನೂ ಎಸ್ಟರ್ ತಯಾರಿಸುತ್ತದೆ. ಬಾಳೆಹಣ್ಣೇ ಹಾಕದ ಗೋಧಿ ಬಿಯರಿನಲ್ಲಿ ಬಾಳೆಯ ವಾಸನೆ ಬರುವುದು ಇದರಿಂದಲೇ. ಹಲಸು ಈ ಬಗೆಯ ಏಲ್‌ಗೆ ಒಗ್ಗುವುದೂ ಅದಕ್ಕೇ. ಹುಳಿಯಲ್ಲೂ ಎರಡು ಬಗೆ. ಮೊಸರಿನ ಮೆದು ಹುಳಿ ಒಳ್ಳೆಯ ಲಕ್ಷಣ. ಗಂಟಲಿಗೆ ಚುಚ್ಚುವ ವಿನೆಗರ್ ಹುಳಿ ಇದ್ದರೆ ಗಾಳಿ ಹೊಕ್ಕು ಕೆಟ್ಟಿದೆ ಎಂದರ್ಥ. ಒಣಹುಲ್ಲು, ಕುದುರೆ ಲಾಯ ನೆನಪಿಸುವ ವಾಸನೆ ಬಂದರೆ ಗಾಬರಿ ಬೇಡ. ಅದು 1904ರಲ್ಲಿ ಡೆನ್ಮಾರ್ಕಿನಲ್ಲಿ ಹೆಸರು ಪಡೆದ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟಿನ ಗುರುತು.

ಕಾನೂನಿನ ಕಣ್ಣು

ಇಷ್ಟೆಲ್ಲ ಇದ್ದೂ ಮಲೆನಾಡಿನ ತೋಟದ ಮನೆಗೆ ಇದೇಕೆ ದಕ್ಕದು? 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ, ಮರದಿಂದ ಹೆಂಡ ಇಳಿಸುವುದೂ ಅಪರಾಧ. ಕರಾವಳಿಯ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರ್ತೆದಾರರ ಸಹಕಾರ ಸಂಘಗಳು ಶೇಂದಿ ಮಾರುತ್ತವೆ. ಘಟ್ಟದ ಮೇಲಿನ ಬಗನಿಗೆ ಅಂತಹ ಆಸರೆ ಇಲ್ಲ.

ಕಾನೂನು ಬಿಗಿಯಾಗಿದ್ದಕ್ಕೆ ಕಾರಣವಿಲ್ಲದಿಲ್ಲ. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಬೆರೆಸಿ ಮಾರಿದವರಿದ್ದರು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಸುಮಾರು 300 ಜನ ಸತ್ತರು. ಸಾರಾಯಿ ಎಷ್ಟೋ ಕೂಲಿಯವರ ಮನೆಯ ಒಲೆ ಆರಿಸಿತು. ಹೆಂಗಸರು ಬೀದಿಗಿಳಿದು ಅದರ ವಿರುದ್ಧ ಹೋರಾಡಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಕರ್ನಾಟಕ, ತಮಿಳುನಾಡು ಗಡಿಯಲ್ಲಿ ಕಳ್ಳಭಟ್ಟಿಗೆ ಮತ್ತೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅವರನ್ನು ಕೊಂದದ್ದು ಹುದುಗುವಿಕೆಯಲ್ಲ, ಕಾರ್ಖಾನೆಯ ಮಿಥೈಲ್ ಆಲ್ಕೊಹಾಲ್. ಹುದುಗಿದ ಪೇಯದಲ್ಲಿ ಅದು ಇದ್ದರೂ ಅತ್ಯಲ್ಪ. ಹಾಗೆಂದು ಹೆಂಡ ನಿರುಪದ್ರವಿ ಎಂದಲ್ಲ; ದಿನವೂ ಕುಡಿದರೆ ಯಕೃತ್ತು ಮರದ ರಸ ಯಾವುದು, ಬಾಟಲಿ ಯಾವುದು ಎಂದು ಭೇದ ಮಾಡದು.

ಆದರೆ ನಿಯಮದ ಭಾರ ಎಲ್ಲರ ಮೇಲೂ ಒಂದೇ ಸಮ ಬಿದ್ದಿಲ್ಲ. 2011ರಲ್ಲಿ ಬೆಂಗಳೂರಿನಲ್ಲಿ ಮೊದಲ ಮೈಕ್ರೋಬ್ರೂವರಿ ತೆರೆಯಿತು. ಬಂಡವಾಳವುಳ್ಳವರಿಗೆ ಪರವಾನಗಿ ದೊರೆಯಿತು. ಹಲಸು ಬೆಳೆದವನಿಗೂ, ಬಗನಿ ಹತ್ತುವವನಿಗೂ ಅದರಲ್ಲಿ ಪಾಲಿಲ್ಲ. ನೆರೆಯವರು ಬೇರೆ ದಾರಿ ಹುಡುಕಿದ್ದಾರೆ. ಗೋವಾ ತನ್ನ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಕೇರಳ 2022ರಲ್ಲಿ ಕೃಷಿ ಉತ್ಪನ್ನಗಳಿಂದ ಸಣ್ಣ ಪ್ರಮಾಣದ ವೈನ್ ತಯಾರಿಕೆಗೆ ನಿಯಮ ರೂಪಿಸಿತು. ಕರ್ನಾಟಕದಲ್ಲೂ 2007ರ ವೈನ್ ನೀತಿ ಇದೆ, ಆದರೆ ಅದರ ಕಣ್ಣಿದ್ದದ್ದು ಮುಖ್ಯವಾಗಿ ದ್ರಾಕ್ಷಿಯ ಮೇಲೆ.

ಈ ಮಧ್ಯೆ ತೋಟಗಳ ಸ್ಥಿತಿಯೇ ಬದಲಾಗಿದೆ. ಆಲೂರು, ಸಕಲೇಶಪುರದಲ್ಲಿ ಕಾಡಾನೆಗಳ ಹಾವಳಿ ಹೆಚ್ಚಿದೆ. ಆನೆಗೆ ಬಗನಿಯೆಂದರೆ ಪ್ರಾಣ, ಹಲಸೆಂದರೆ ಇನ್ನೂ ಪ್ರಾಣ. ಹಣ್ಣಾದರೆ ಆನೆ ಬರುತ್ತದೆಂದು ಹಲಸನ್ನು ಎಳೆಯದಿದ್ದಾಗಲೇ ಕೊಯ್ದು ಕೆಡವುವ ಬೆಳೆಗಾರರಿದ್ದಾರೆ. ಒಂದು ಕಾಲಕ್ಕೆ ಆಳಿಗೂ ಆನೆಗೂ ಆಗಿ ಮಿಗುತ್ತಿದ್ದ ಮರಗಳು ಈಗ ಭಯದ ಮೂಲವಾಗಿವೆ.

ಮರಕ್ಕಿಂತ ಮೊದಲು ಕಣ್ಮರೆಯಾಗುವುದು ವಿದ್ಯೆ. ಯಾವ ಗೊಂಚಲು ಯಾವಾಗ ಹದಕ್ಕೆ ಬರುತ್ತದೆ, ಎಷ್ಟು ಬಡಿಯಬೇಕು, ಎಷ್ಟು ತೆಳ್ಳಗೆ ಕೊಯ್ಯಬೇಕು ಎಂಬುದು ಯಾವ ಪುಸ್ತಕದಿಂದಲೂ ಬರುವಂಥದ್ದಲ್ಲ, ತಂದೆಯಿಂದ ಮಗನಿಗೆ ಮರದ ಮೇಲೆಯೇ ಬರಬೇಕು. ವಲೋನಿಯದ ರೈತರೂ ಒಂದು ಕಾಲಕ್ಕೆ ತಮ್ಮ ಬಿಯರು ಬಿಟ್ಟಿದ್ದರು; ಉಳಿದ ಕೆಲವೇ ಬ್ರೂವರಿಗಳಿಂದ ಅದು ಮತ್ತೆ ಚಿಗುರಿತು. ಬಗನಿ ಹತ್ತುವ ಕೊನೆಯ ತಲೆಮಾರು ಮರದಿಂದ ಇಳಿದ ಮೇಲೆ ಪರವಾನಗಿ ಕೊಟ್ಟರೆ, ಅದನ್ನು ಪಡೆಯಲು ಯಾರೂ ಇರುವುದಿಲ್ಲ.